ಓಮ್ ಸರಿ ಇತ್ತು, ವ್ಯಾಟ್ ನೋಡಿರಲಿಲ್ಲ

ಹೋದ ಸೆಮಿಸ್ಟರಿನಲ್ಲಿ ನಮ್ಮ ಗುಂಪಿಗೆ ಒಂದು ಹಳೇ 12 ವೋಲ್ಟ್ ಅಡಾಪ್ಟರ್ ಸಿಕ್ಕಿತ್ತು. ಲೋಡ್ ತಾಳುತ್ತದೋ ಇಲ್ಲವೋ ನೋಡೋಣ ಅಂತ ಡಬ್ಬಿಯಿಂದ ಒಂದು 10 ಓಮ್ ರೋಧಕ ತೆಗೆದು ಬ್ರೆಡ್‌ಬೋರ್ಡಿಗೆ ಚುಚ್ಚಿದೆವು. 12ನ್ನು 10ರಿಂದ ಭಾಗಿಸಿದರೆ 1.2 ಆಂಪಿಯರ್. ಅಡಾಪ್ಟರ್ ಮೇಲೆ 2 ಆಂಪಿಯರ್ ಅಂತ ಬರೆದಿತ್ತು. ಲೆಕ್ಕ ಸರಿಯೇ ಇತ್ತು. ಸ್ವಿಚ್ ಹಾಕಿ ಎರಡು ಸೆಕೆಂಡ್ ಆಗಿರಲಿಕ್ಕಿಲ್ಲ, "ಎಂತ ಮಾರಾಯ, ಹೊಗೆ ಬರ್ತಾ ಉಂಟು!" ಅಂತ ಒಬ್ಬ ಕೂಗಿದ. ಇನ್ನೊಬ್ಬ ಗಡಿಬಿಡಿಯಲ್ಲಿ ಅದನ್ನು ಕೀಳಲು ಬೆರಳು ಹಾಕಿದ. ಬೆರಳ ತುದಿಯ ಬೊಬ್ಬೆ ಒಣಗಲು ಹದಿನೈದು ದಿನ ಬೇಕಾಯಿತು. ಬ್ರೆಡ್‌ಬೋರ್ಡಿನ ಪ್ಲಾಸ್ಟಿಕ್ ಕರಗಿದ ಗುರುತು ಇವತ್ತಿಗೂ ಇದೆ.

ಆಮೇಲೆ ಕೂತು ಲೆಕ್ಕ ಹಾಕಿದೆವು. 12 ವೋಲ್ಟ್ ಗುಣಿಸು 1.2 ಆಂಪಿಯರ್, 14.4 ವ್ಯಾಟ್. ನಾವು ಚುಚ್ಚಿದ್ದು ಕಾಲು ವ್ಯಾಟಿನ ರೋಧಕ. ತಾಳಬಲ್ಲದ್ದಕ್ಕಿಂತ 57 ಪಟ್ಟಿಗೂ ಹೆಚ್ಚು. ಉಡುಪಿ-ಮಣಿಪಾಲ ಸಿಟಿ ಬಸ್ಸಿನಲ್ಲೂ ಒಂದು ಸೀಟಿಗೆ ಅಷ್ಟು ಜನರನ್ನು ಹತ್ತಿಸುವುದಿಲ್ಲ. ಮೊದಲ ವರ್ಷದವರು ಇದೇ ತಪ್ಪು ಮಾಡಬಾರದು ಅಂತ ಈ ಪಾಠ.

ಮೊದಲು ಪದಗಳನ್ನು ನೋಡೋಣ. ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಓದಿದವರಿಗೆ ನೆನಪಿರಬಹುದು: ವಸ್ತು ರೋಧಕ, ಅದರ ಗುಣ ರೋಧ. ಅಳೆಯುವ ಮಾನ ಓಮ್. ಬೆಲೆ ಬದಲಾಗದೆ ಇರುವುದು ಸ್ಥಿರ ರೋಧಕ. ರೇಡಿಯೋದ ವಾಲ್ಯೂಮ್ ತಿರುಗಣಿಯ ಒಳಗಿರುವುದು ಬದಲಾಯಿಸಬಹುದಾದ ರೋಧಕ, ಅದರ ತಂಟೆ ಇವತ್ತು ಬೇಡ. ಲ್ಯಾಬಿನಲ್ಲಿ ಎಲ್ಲರೂ ರೆಸಿಸ್ಟರ್ ಅಂತಲೇ ಹೇಳುತ್ತೇವೆ, ಅದರಲ್ಲಿ ತಪ್ಪೇನೂ ಇಲ್ಲ.

ಅದರ ಮೈಮೇಲಿನ ಬಣ್ಣದ ಪಟ್ಟಿಗಳು ಬೆಲೆ ಹೇಳುತ್ತವೆ. ಇದನ್ನು ನೆನಪಿಡಲು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಲಿಸುತ್ತಾರೆ. ಕನ್ನಡದವರಿಗೆ ಅದು ಬೇಕೇ ಇಲ್ಲ. ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ: 0ಯಿಂದ 9ರ ತನಕ. ನಾಲ್ಕು ಕ, ಎರಡು ಹ, ಎರಡು ನ, ಎರಡು ಬ! ನಡುವೆ ಕೆಂಪಿನಿಂದ ನೇರಳೆಗೆ ಕಾಮನಬಿಲ್ಲಿನ ಕ್ರಮವೇ ಇದೆ, ಆಚೀಚೆ ಕತ್ತಲು ಮತ್ತು ಬೆಳಕು. ನಾಲ್ಕು ಪಟ್ಟಿಯ ರೋಧಕದಲ್ಲಿ ಮೊದಲೆರಡು ಅಂಕಿಗಳು, ಮೂರನೆಯದು ಎಷ್ಟು ಸೊನ್ನೆ ಅನ್ನುವುದು. ಹಳದಿ, ನೇರಳೆ, ಕೆಂಪು ಅಂದ್ರೆ 4, 7, ಎರಡು ಸೊನ್ನೆ: 4700 ಓಮ್. ಕೊನೆಯ ಪಟ್ಟಿ ಟಾಲರೆನ್ಸ್, ಬರೆದ ಬೆಲೆಯಿಂದ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿ. ಚಿನ್ನದ ಬಣ್ಣಕ್ಕೆ ಶೇ. 5, ಬೆಳ್ಳಿಗೆ ಶೇ. 10. ಐದು ಪಟ್ಟಿಯ ನೀಲಿ ಮೈಯವುಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಕಂದು, ಶೇ. 1. ಅವುಗಳಲ್ಲಿ ಎರಡೂ ಕಡೆ ಕಂದು ಬಂದರೆ ಯಾವ ತುದಿಯಿಂದ ಓದಬೇಕೆಂದೇ ತಿಳಿಯುವುದಿಲ್ಲ. ಹಾಸ್ಟೆಲಿನ ಮಂದ ಬೆಳಕಲ್ಲಿ ಕೆಂಪು ಯಾವುದು ಕಿತ್ತಳೆ ಯಾವುದು ಅಂತಲೂ ಗೊತ್ತಾಗುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿಬಿಡಿ. ಅಳೆಯುವಾಗ ಸರ್ಕ್ಯೂಟಿನಿಂದ ಕನಿಷ್ಠ ಒಂದು ಕಾಲನ್ನಾದರೂ ಬಿಡಿಸಿ, ಇಲ್ಲದಿದ್ದರೆ ಪಕ್ಕದ ದಾರಿಗಳೂ ಸೇರಿ ಬೆಲೆ ಕಡಿಮೆ ತೋರಿಸುತ್ತದೆ. ಮೆಗಾ ಓಮ್ ಅಳೆಯುವಾಗ ಎರಡೂ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ನಿಮ್ಮ ಮೈಯ ರೋಧವೂ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲದ ಬೆವರು ಕೈಯಾದರೆ ಕೇಳುವುದೇ ಬೇಡ.

ಅಂಗಡಿಗೆ ಹೋಗಿ 500 ಓಮ್ ಕೊಡಿ ಅಂದರೆ "470 ಉಂಟು, 560 ಉಂಟು" ಅನ್ನುತ್ತಾರೆ. ಅವರು ಸ್ಟಾಕ್ ಇಲ್ಲದೆ ಹೇಳಿದ್ದಲ್ಲ. ಇ12 ಸರಣಿಯಲ್ಲಿ ಹತ್ತರಿಂದ ನೂರರ ನಡುವೆ ಹನ್ನೆರಡೇ ಬೆಲೆ: 10, 12, 15, 18, 22, 27, 33, 39, 47, 56, 68, 82. ಶೇ. 10ರ ಮಿತಿ ಹಿಡಿದರೆ 47 ಅನ್ನುವುದು 51.7ರ ತನಕ ಹೋಗಬಹುದು, 56 ಅನ್ನುವುದು 50.4ಕ್ಕೆ ಇಳಿಯಬಹುದು. ನಡುವೆ ಜಾಗವೇ ಇಲ್ಲದ ಮೇಲೆ 50 ಯಾಕೆ ಬೇಕು?

ಇನ್ನು ವ್ಯಾಟ್. ರೋಧಕ ತನ್ನೊಳಗೆ ಹಾದ ಶಕ್ತಿಯನ್ನು ಬಿಸಿ ಮಾಡಿ ಹೊರಗೆ ಬಿಡುತ್ತದೆ, ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ. ಅಜ್ಜಿ ಮನೆಯ ಗೋಡೆಯಲ್ಲಿ ದೊಡ್ಡ ಡಬ್ಬಿಯಂಥ ಫ್ಯಾನ್ ರೆಗ್ಯುಲೇಟರ್ ಇದ್ದರೆ, ಫ್ಯಾನ್ ನಿಧಾನ ಇಟ್ಟು ಅರ್ಧ ಗಂಟೆ ಬಿಟ್ಟು ಡಬ್ಬಿಯ ಹೊರಮೈ ಮುಟ್ಟಿ ನೋಡಿ. ಒಳಗೆ ತಂತಿ ಸುತ್ತಿದ ರೋಧಕ ಇರುತ್ತದೆ, ಫ್ಯಾನಿಗೆ ಹೋಗದ ಶಕ್ತಿಯ ಒಂದು ಪಾಲು ಅಲ್ಲಿ ಬಿಸಿಯಾಗುತ್ತದೆ. ನಿಧಾನ ಇಟ್ಟರೆ ಕರೆಂಟ್ ಬಿಲ್ ತುಂಬ ಉಳಿಯುತ್ತದೆ ಅನ್ನುವ ನಂಬಿಕೆ ಆ ಡಬ್ಬಿಯ ಮಟ್ಟಿಗೆ ಅಷ್ಟು ನಿಜವಲ್ಲ.

ಕಾಲು ವ್ಯಾಟ್ ಅಂತ ಬರೆದಿರುವುದು ಸಾಮಾನ್ಯವಾಗಿ ಸುತ್ತಲಿನ ಗಾಳಿ 70 ಡಿಗ್ರಿಯ ಒಳಗೆ ಇರುವಾಗಿನ ಮಾತು. ಅದಕ್ಕಿಂತ ಬಿಸಿಯಾದರೆ ತಾಳುವ ವ್ಯಾಟ್ ಇಳಿಯುತ್ತಾ ಹೋಗುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ 70 ಡಿಗ್ರಿ ದೊಡ್ಡ ವಿಷಯವಲ್ಲ. ಹಾಗಾಗಿ ಬರೆದದ್ದರ ಅರ್ಧ ಮಾತ್ರ ಬಳಸಿ. ದೀಪಾವಳಿಗೆ ಗೂಡುದೀಪ ಮಾಡಿದಾಗ ನಾವು ಹೀಗೇ ಲೆಕ್ಕ ಹಾಕಿದ್ದು: 12 ವೋಲ್ಟಿಗೆ ಒಂದು ಕೆಂಪು ಎಲ್‌ಇಡಿ, ಅದು 2 ವೋಲ್ಟ್ ತಿನ್ನುತ್ತದೆ, ಉಳಿದ 10 ವೋಲ್ಟ್ ರೋಧಕದ ಪಾಲು. 560 ಓಮ್ ಹಾಕಿದರೆ ಸುಮಾರು 18 ಮಿಲಿಆಂಪಿಯರ್, 0.18 ವ್ಯಾಟ್. ಕಾಲು ವ್ಯಾಟಿನ ಒಳಗೇ ಇದೆ, ಆದರೆ ಅರ್ಧದ ನಿಯಮ ಮೀರಿತು. 1 ಕಿಲೋ ಓಮ್ ಹಾಕಿದೆವು: 10 ಮಿಲಿಆಂಪಿಯರ್, 0.1 ವ್ಯಾಟ್. ಬೆಳಕಿಗೆ ಏನೂ ಕೊರತೆಯಾಗಲಿಲ್ಲ, ಬಣ್ಣದ ಕಾಗದದ ಪಕ್ಕ ಬಿಸಿ ವಸ್ತು ಇಡುವ ಭಯವೂ ತಪ್ಪಿತು.

ಹೆಚ್ಚಿನವರು ಮರೆಯುವ ಮೂರನೇ ಸಂಖ್ಯೆ ವೋಲ್ಟ್. ಪ್ರತಿ ರೋಧಕಕ್ಕೂ ಇಷ್ಟೇ ವೋಲ್ಟ್ ತಾಳುತ್ತೇನೆ ಅನ್ನುವ ಮಿತಿ ಉಂಟು, ಕಾಲು ವ್ಯಾಟಿನವುಗಳಿಗೆ ಅದು ಸಾಮಾನ್ಯವಾಗಿ 250 ವೋಲ್ಟಿನ ಆಸುಪಾಸು. ಇದು ಎಲ್ಲಿ ಮುಖ್ಯ? ಚಾರ್ಜ್ ಮಾಡುವ ಸೊಳ್ಳೆ ಬ್ಯಾಟಿನಲ್ಲಿ. ಮಣಿಪಾಲದ ಹಾಸ್ಟೆಲ್ ಕೋಣೆಗಳಲ್ಲಿ ಪುಸ್ತಕ ಇಲ್ಲದಿದ್ದರೂ ಅದು ಇರುತ್ತದೆ. ಅಗ್ಗದ ಬ್ಯಾಟುಗಳಲ್ಲಿ 230 ವೋಲ್ಟನ್ನು ತಗ್ಗಿಸಲು ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಇರುತ್ತದೆ, ಅದಕ್ಕೆ ಸಮಾಂತರವಾಗಿ ಒಂದು ದೊಡ್ಡ ಬೆಲೆಯ ರೋಧಕ. ಪ್ಲಗ್ ಕಿತ್ತ ಮೇಲೆ ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ಖಾಲಿ ಮಾಡುವುದೇ ಆ ರೋಧಕದ ಕೆಲಸ. 0.47 ಮೈಕ್ರೋಫ್ಯಾರಡ್, 1 ಮೆಗಾ ಓಮ್ ಅಂದುಕೊಳ್ಳಿ. ಗುಣಿಸಿದರೆ 0.47 ಸೆಕೆಂಡ್, ಅದರ ಐದು ಪಟ್ಟು ಹೊತ್ತಿಗೆ, ಅಂದರೆ ಎರಡೂವರೆ ಸೆಕೆಂಡಿನೊಳಗೆ, ಎಲ್ಲ ಖಾಲಿ. ಆ ರೋಧಕ ಒಡೆದರೆ ಬ್ಯಾಟ್ ಎಂದಿನಂತೆಯೇ ಚಾರ್ಜ್ ಆಗುತ್ತದೆ, ಸೊಳ್ಳೆಯೂ ಸಾಯುತ್ತದೆ. ಕಿತ್ತ ಪ್ಲಗ್ಗಿನ ಪಿನ್ನಿಗೆ ಕೈ ತಾಗಿದ ದಿನವೇ ಗೊತ್ತಾಗುವುದು, ಯಾಕೆಂದರೆ ಒಳಗೆ 325 ವೋಲ್ಟ್ ತನಕ ಕಾದು ಕೂತಿರಬಹುದು.

ಅಲ್ಲಿ ವ್ಯಾಟ್ ಲೆಕ್ಕ ಹಾಕಿದರೆ 0.053, ಕಾಲು ವ್ಯಾಟಿನದ್ದು ಧಾರಾಳ ಸಾಕು. ವೋಲ್ಟ್ ಲೆಕ್ಕದಲ್ಲಿ ಮಾತ್ರ 250ರ ಅಂಚಿಗೆ 230. ಮೇ ತಿಂಗಳ ಗುಡುಗಿಗೆ ಲೈನಿನಲ್ಲಿ ಒಂದು ಏರಿಕೆ ಬಂದರೆ ಮುಗಿಯಿತು. ಅದಕ್ಕೇ ಒಂದು ಮೆಗಾ ಓಮ್ ಬದಲು ಎರಡು 470 ಕಿಲೋ ಓಮ್ ಸರಣಿಯಲ್ಲಿ ಹಾಕುವುದು. ಒಂದೊಂದರ ಮೇಲೂ ಅರ್ಧ ವೋಲ್ಟೇಜ್ ಮಾತ್ರ. ಇಂಥ ಸರ್ಕ್ಯೂಟ್ ಪ್ಲಗ್ಗಿನಲ್ಲಿ ಇರುವಾಗ ಇಡೀ ಬೋರ್ಡಿಗೆ ಮೇನ್ಸ್ ಇರುತ್ತದೆ, ಆಗ ತೆರೆಯಲೇಬೇಡಿ.

ಚಾರ್ಜರ್ ರಿಪೇರಿ ಮಾಡುವವರಿಗೆ ಒಂದು ಮಾತು. ಮೊಬೈಲ್ ಚಾರ್ಜರಿನ ಒಳಗೆ ಮೇನ್ಸ್ ತಂತಿ ಬಂದು ಸೇರುವಲ್ಲಿ ಹೆಚ್ಚಾಗಿ ಕೆಲವು ಓಮಿನ ಒಂದು ರೋಧಕ ಇರುತ್ತದೆ. ಅದು ಫ್ಯೂಸಿನ ಕೆಲಸ ಮಾಡುವ ಜಾತಿಯದ್ದು: ಒಳಗೆ ಎಲ್ಲೋ ಶಾರ್ಟ್ ಆದರೆ ಬೆಂಕಿ ಹಿಡಿಯದೆ ತಾನು ಕಡಿದು ಹೋಗಬೇಕು. ಅದು ಸುಟ್ಟಿದೆ ಅಂತ ಅದೇ ಬೆಲೆಯ ಸಾದಾ ರೋಧಕ ಹಾಕುವುದು, ಅದಕ್ಕಿಂತ ಕೆಟ್ಟದಾಗಿ ತಂತಿ ತುಂಡು ಹಾಕುವುದು, ದಿಂಬಿನ ಪಕ್ಕ ಬೆಂಕಿಪೊಟ್ಟಣ ಇಟ್ಟು ಮಲಗಿದ ಹಾಗೆ. ಮೊದಲು ಯಾಕೆ ಕಡಿಯಿತು ಅಂತ ಹುಡುಕಿ, ಆಮೇಲೆ ಅದೇ ಜಾತಿಯದ್ದನ್ನೇ ಹಾಕಿ.

ನಮ್ಮ ಅಡಾಪ್ಟರಿಗೆ ಮರಳಿ ಬಂದೆವು. 10 ಓಮಿನ, 10 ವ್ಯಾಟಿನ ನಾಲ್ಕು ಬಿಳಿ ಸಿಮೆಂಟ್ ರೋಧಕ ತಂದು, ಎರಡೆರಡನ್ನು ಸರಣಿಯಲ್ಲಿ ಜೋಡಿಸಿ, ಆ ಎರಡು ಜೋಡಿಗಳನ್ನು ಸಮಾಂತರ ಮಾಡಿದೆವು. ಒಟ್ಟು ರೋಧ ಮತ್ತೆ 10 ಓಮೇ, ಆದರೆ ಒಂದೊಂದರ ಪಾಲಿಗೆ 3.6 ವ್ಯಾಟ್ ಮಾತ್ರ. ಬ್ರೆಡ್‌ಬೋರ್ಡ್ ಬೇಡ ಅಂತ ಒಂದು ಹೆಂಚಿನ ಚೂರಿನ ಮೇಲೆ ಇಟ್ಟು ಸ್ವಿಚ್ ಹಾಕಿದೆವು. ಹತ್ತು ನಿಮಿಷವಾದರೂ ಅಡಾಪ್ಟರ್ 11.8 ವೋಲ್ಟ್ ಕೊಡುತ್ತಲೇ ಇತ್ತು. ರೋಧಕಗಳು ಚೆನ್ನಾಗಿ ಬಿಸಿಯಾಗಿದ್ದವು, ಆರುವ ತನಕ ಯಾರೂ ಬೆರಳು ಹಾಕಲಿಲ್ಲ.