ಶಸ್ತ್ರಚಿಕಿತ್ಸಾ ತರಬೇತಿಗೆ ಮುದ್ರಿತ ಮೂಳೆ: ವೆಚ್ಚ ಲೆಕ್ಕದ ಒಂದು ಪಾಠ

ಕಿವಿಯ ಶಸ್ತ್ರಚಿಕಿತ್ಸೆಯನ್ನು ಕಲಿಯುವ ವೈದ್ಯರು ಕರಗತ ಮಾಡಿಕೊಳ್ಳಬೇಕಾದ ಮುಖ್ಯ ಕೌಶಲವೆಂದರೆ ಟೆಂಪೊರಲ್ ಮೂಳೆಯನ್ನು ಡ್ರಿಲ್‌ನಿಂದ ಕೊರೆಯುವುದು. ಮುಖದ ಸ್ನಾಯುಗಳನ್ನು ಚಲಿಸುವ ನರವು ಈ ಮೂಳೆಯೊಳಗೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ರೋಗಿಯ ಮುಖದ ಒಂದು ಪಾರ್ಶ್ವವೇ ನಿಶ್ಚೇಷ್ಟಿತವಾಗಬಹುದು. ಈ ಅಭ್ಯಾಸಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ದಾನವಾಗಿ ಬಂದ ಮೃತದೇಹಗಳ ಮೂಳೆ. ಅದು ಬೇಕೆಂದಾಗ ದೊರೆಯುವುದಿಲ್ಲ. ಒಮ್ಮೆ ಕೊರೆದ ಭಾಗವನ್ನು ಮತ್ತೆ ಕೊರೆಯಲಾಗದು.

ಈ ಕೊರತೆಯನ್ನು ತುಂಬಲು ಬಂದಿರುವುದೇ ಮೂರು ಆಯಾಮದ ಮುದ್ರಣ. ಸಿ.ಟಿ. ಸ್ಕ್ಯಾನ್ ಚಿತ್ರಗಳಿಂದ ಮೂಳೆಯ ಆಕಾರವನ್ನು ಗಣಕಯಂತ್ರದಲ್ಲಿ ಬೇರ್ಪಡಿಸಿ, ಪದರದ ಮೇಲೆ ಪದರವಿಟ್ಟು ಮಾದರಿಯನ್ನು ರೂಪಿಸಲಾಗುತ್ತದೆ. ಅಮೆರಿಕದ ಚಾರ್ಲ್ಸ್ ಹಲ್ ಅವರಿಗೆ ಇಂತಹ ಮುದ್ರಣದ ಪೇಟೆಂಟ್ 1986ರಲ್ಲಿ ದೊರೆಯಿತು. ಕರಗಿಸಿದ ಪ್ಲಾಸ್ಟಿಕ್ ಬಳಸುವ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಯಂತ್ರಗಳ ಬೆಲೆ ಗಣನೀಯವಾಗಿ ಇಳಿಯಿತು.

ಆದರೆ ಯಂತ್ರ ಅಗ್ಗವಾದ ಮಾತ್ರಕ್ಕೆ ಮಾದರಿಯೂ ಅಗ್ಗವಾಗುವುದಿಲ್ಲ. ಕೇವಲ ವಿವರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಯಂತ್ರದ ಬೆಲೆ ರೂ. 6,00,000, ಆಯುಷ್ಯ 5 ವರ್ಷ, ವಾರ್ಷಿಕ ಸವಕಳಿ ರೂ. 1,20,000, ನಿರ್ವಹಣೆ ರೂ. 60,000. ವರ್ಷಕ್ಕೆ 1,200 ಗಂಟೆ ದುಡಿದರೆ ಯಂತ್ರದ ವೆಚ್ಚ ಗಂಟೆಗೆ ರೂ. 150, 300 ಗಂಟೆ ಮಾತ್ರ ದುಡಿದರೆ ರೂ. 600.

ಒಂದು ಮೂಳೆಗೆ 10 ಗಂಟೆಯ ಮುದ್ರಣ, ರೂ. 800ರ ಸಾಮಗ್ರಿ, ರೂ. 400ರ ಅಂತಿಮ ಸಂಸ್ಕರಣೆ ಹಾಗೂ ಚಿತ್ರದಿಂದ ಆಕಾರ ಸಿದ್ಧಪಡಿಸುವ ತಜ್ಞರಿಗೆ ರೂ. 3,000 ತಗಲುವುದೆನ್ನೋಣ. ಯಂತ್ರ ಪೂರ್ಣವಾಗಿ ದುಡಿಯುತ್ತಿದ್ದಲ್ಲಿ ಮೊದಲ ಮಾದರಿಯ ವೆಚ್ಚ ರೂ. 5,700. ಅದೇ ಆಕಾರದ 10 ಪ್ರತಿ ತೆಗೆದರೆ ತಜ್ಞರ ವೆಚ್ಚ ಹಂಚಿಹೋಗಿ ಪ್ರತಿಯೊಂದಕ್ಕೆ ರೂ. 3,000 ಬೀಳುತ್ತದೆ. ಯಂತ್ರ 300 ಗಂಟೆ ಮಾತ್ರ ದುಡಿದರೆ ಆ 10 ಪ್ರತಿಗಳೇ ತಲಾ ರೂ. 7,500 ಆಗುತ್ತವೆ. ಸಾಮಗ್ರಿಯ ಬೆಲೆಯಲ್ಲಿ ಮಾತ್ರ ಚೌಕಾಸಿ ಮಾಡುವವರು ಗಮನಿಸಬೇಕಾದ ಅಂಶವಿದು: ವೆಚ್ಚವನ್ನು ನಿರ್ಧರಿಸುವುದು ಸುಮ್ಮನೆ ನಿಂತ ಯಂತ್ರ ಮತ್ತು ಪ್ರತಿಗಳ ಸಂಖ್ಯೆ.

ಲೆಕ್ಕಪತ್ರದಲ್ಲಿಯೂ ಎರಡು ವಿಷಯಗಳನ್ನು ಮರೆಯುವಂತಿಲ್ಲ. ಮೊದಲನೆಯದಾಗಿ, ಮುದ್ರಣ ಯಂತ್ರವು ಸ್ಥಿರಾಸ್ತಿ. ಆದರೆ ಕೊರೆಯುವ ಮಾದರಿಯು ಬಳಕೆಯೊಂದಿಗೇ ಮುಗಿದುಹೋಗುವ ವಸ್ತು. ಬಳಸುವವರೆಗೆ ಅದು ದಾಸ್ತಾನು, ಬಳಸಿದ ನಂತರ ತರಬೇತಿ ವೆಚ್ಚ. ಎರಡನೆಯದಾಗಿ, ಆರೋಗ್ಯ ಸೇವೆ ಹಾಗೂ ಮಾನ್ಯತೆ ಪಡೆದ ಪದವಿ ಶಿಕ್ಷಣ ಜಿ.ಎಸ್.ಟಿ.ಯಿಂದ ವಿನಾಯಿತಿ ಪಡೆದಿರುವುದರಿಂದ, ಯಂತ್ರವು ಅವುಗಳಿಗಷ್ಟೇ ಬಳಕೆಯಾದಲ್ಲಿ ಅದರ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆ ಮೊತ್ತವನ್ನು ಯಂತ್ರದ ಬೆಲೆಗೇ ಸೇರಿಸಬೇಕು. ತೆರಿಗೆಗೆ ಒಳಪಟ್ಟ ಕಾರ್ಯಾಗಾರಗಳಿಗೂ ಯಂತ್ರ ಬಳಕೆಯಾದರೆ ಪ್ರಮಾಣಾನುಸಾರ ಜಮೆ ಲಭ್ಯ.

ಮಾದರಿಗೆ ಮಿತಿಗಳೂ ಉಂಟು. ಪ್ಲಾಸ್ಟಿಕ್ ಮೂಳೆಯಲ್ಲಿ ರಕ್ತ ಹರಿಯದು. ಡ್ರಿಲ್‌ನ ಶಾಖಕ್ಕೆ ಕೆಲವು ಸಾಮಗ್ರಿಗಳು ಕರಗುತ್ತವೆ. ಆದುದರಿಂದ ಖರೀದಿಗೆ ಮುನ್ನ ಅನುಭವಿ ಶಸ್ತ್ರವೈದ್ಯರು ಒಂದು ಮಾದರಿಯನ್ನು ಸ್ವತಃ ಕೊರೆದು ನೋಡುವುದು ಅವಶ್ಯ. ಸ್ಕ್ಯಾನ್ ಯಾವ ರೋಗಿಯದೋ ಅವರ ಒಪ್ಪಿಗೆ ಪಡೆದು, ಹೆಸರು ಮೊದಲಾದ ಗುರುತುಗಳನ್ನು ತೆಗೆದುಹಾಕಬೇಕು.

ಸಣ್ಣ ಆಸ್ಪತ್ರೆಯೊಂದು ಒಂಟಿಯಾಗಿ ಯಂತ್ರವನ್ನು ಕೊಳ್ಳುವುದಕ್ಕಿಂತ ನಾಲ್ಕಾರು ಆಸ್ಪತ್ರೆಗಳು ಸ್ಥಳೀಯ ಉದ್ಯಮಿಯೊಬ್ಬರೊಡನೆ ವಾರ್ಷಿಕ ಒಪ್ಪಂದ ಮಾಡಿಕೊಳ್ಳುವುದು ಲೇಸು. ಯಂತ್ರಕ್ಕೆ ಕೆಲಸ, ಉದ್ಯಮಿಗೆ ಖಚಿತ ಬೇಡಿಕೆ, ಆಸ್ಪತ್ರೆಗೆ ಮಿತವ್ಯಯ ಮೂರೂ ಕೂಡಿಬರುತ್ತವೆ. ಕಲಿಯುವ ವೈದ್ಯರ ಮೊದಲ ತಪ್ಪು ರೋಗಿಯ ಮುಖದ ಬದಲು ಪ್ಲಾಸ್ಟಿಕ್ಕಿನ ಮೇಲೆ ಆಗುವುದಂತೂ ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸದ ಲಾಭ.