ಅರ್ಜಿ ಬರೆಯುವ ಮುನ್ನ

ಬಯಲುಸೀಮೆಯೂ ಅಡಕೆಯ ತೋಟಗಳೂ ಕೂಡುವ ಕಡೂರು, ತರೀಕೆರೆ, ಅಜ್ಜಂಪುರಗಳ ಅಧ್ಯಾಪಕರೂ ವೈದ್ಯರೂ ಒಡಗೂಡಿ ಯುವಜನರ ಆರೋಗ್ಯವನ್ನು ಕುರಿತು ಸಂಶೋಧನೆ ಕೈಗೊಳ್ಳಬಯಸಿದರೆ, 1911ರಲ್ಲಿ ಹುಟ್ಟಿ 1949ರಲ್ಲಿ ಇಂದಿನ ಹೆಸರನ್ನು ಪಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಅರ್ಜಿ ಬರೆಯುವ ಮೊದಲು, ನಿಮ್ಹಾನ್ಸ್ ಸಂಸ್ಥೆಯು ರಾಜ್ಯದ ಯುವ ಸಬಲೀಕರಣ ಇಲಾಖೆಯೊಡನೆ ರೂಪಿಸಿದ ‘ಯುವ ಸ್ಪಂದನ’ ಎಂಬ ಯುವಜನರ ಆರೋಗ್ಯ ಕಾರ್ಯಕ್ರಮದ ಅನುಭವವನ್ನು ವಿಚಾರಿಸಿಕೊಳ್ಳುವುದು ಲೇಸು. ಉಪಕರಣಗಳ ವ್ಯಾಮೋಹ ನಮ್ಮಲ್ಲಿ ತುಸು ಹೆಚ್ಚೇ. ಅವುಗಳಿಗಿಂತ ಮೊದಲು, ಹಳ್ಳಿಹಳ್ಳಿಗೆ ತಿರುಗಿ ಹುಡುಗ ಹುಡುಗಿಯರ ಮಾತಿಗೆ ಕಿವಿಗೊಡುವ ಸ್ಥಳೀಯ ಕಾರ್ಯಕರ್ತರ ಸಂಬಳಕ್ಕೂ ಬಸ್ಸಿನ ಖರ್ಚಿಗೂ ಆಯವ್ಯಯದಲ್ಲಿ ಅಗ್ರಸ್ಥಾನವಿರಲಿ. ಸಂಶೋಧನೆಯಲ್ಲಿ ಪಾಲ್ಗೊಳ್ಳುವವರು 18 ತುಂಬದವರಾದರೆ ಪಾಲಕರ ಅನುಮತಿಯೊಂದೇ ಸಾಲದು, ಆ ಕಿರಿಯರ ಸ್ವಂತ ಸಮ್ಮತಿಯೂ ಬೇಕೆಂಬುದು ಮಂಡಳಿಯ 2017ರ ನೀತಿಸೂತ್ರ. ಲೆಕ್ಕ ಯಾರ ಕೈಯಲ್ಲಿ, ಸಂಶೋಧನಾ ಬರಹದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಹಣ ಬರುವ ಮುನ್ನವೇ ಲಿಖಿತವಾಗಿ ನಿಶ್ಚಯಿಸಿಕೊಳ್ಳಿರಿ. ಫಲಿತಾಂಶವನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಆ ಯುವಜನರ ಕೈಗೇ ಕೊಡುವ ವೆಚ್ಚವನ್ನೂ ಅರ್ಜಿಯಲ್ಲಿ ಕಾಣಿಸಿರಿ.