ಮರಕ್ಕೆ ಅಂಟಿಸಿದ ಆ ನೋಟಿಸ್ ಯಾರಿಗೆ?

ಏಪ್ರಿಲ್ ಮಧ್ಯಾಹ್ನ ಠಾಣೆಯ ವರ್ತಕ ನಗರದ ಪೋಖರಣ್ ರಸ್ತೆಯಲ್ಲಿ ರಿಕ್ಷಾದವರು ಮೊದಲು ಹುಡುಕುವುದು ಮರದ ನೆರಳನ್ನು. ಯೇವೂರು ಗುಡ್ಡ, ಉಪವನ ಕೆರೆ ಹತ್ತಿರದಲ್ಲೇ ಇದ್ದರೂ ಕಾಂಕ್ರೀಟಿನ ಕಾವು ತಗ್ಗುವುದು ಮನೆಯೆದುರಿನ ಮರದಿಂದಲೇ. ಮಳೆಗಾಲದಲ್ಲಿ ಮರದ ಬೇರು ನೀರನ್ನು ನೆಲಕ್ಕಿಳಿಸುತ್ತದೆ, ಎಲೆ ರಸ್ತೆಯ ದೂಳನ್ನು ಹಿಡಿಯುತ್ತದೆ. ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್‌ನಿರ್ಮಾಣಕ್ಕೆ ಹೋಗುವಾಗ ಅಂಗಳದ ಮರಗಳೂ ಲೆಕ್ಕಕ್ಕೆ ಬರುತ್ತವೆ. ಒಂದು ದಿನ ಕಾಂಡದ ಮೇಲೆ ಮರಾಠಿಯ ನೋಟಿಸ್ ಕಾಣಿಸುತ್ತದೆ. ಬಿಲ್ಡರ್‌ಗೂ ಪಾಲಿಕೆಗೂ ಸೇರಿದ್ದೆಂದು ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ.

ಅದು ಹಾಗೆ ಮುಂದೆ ಹೋಗುವವರಿಗಾಗಿಯೇ ಅಂಟಿಸಿದ್ದು.

ಮಹಾರಾಷ್ಟ್ರದ ನಗರಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಠಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ ಪಾಲಿಕೆಗಳಲ್ಲಿ ಮರಗಳ ಹೊಣೆ ವೃಕ್ಷ ಪ್ರಾಧಿಕರಣದ್ದು. ಸ್ವಂತ ಜಾಗದ ಮರವನ್ನೂ ಅದರ ಪೂರ್ವಾನುಮತಿಯಿಲ್ಲದೆ ಕಡಿಯುವಂತಿಲ್ಲ. ಕಡಿಯಬೇಕೆನ್ನುವವರು ಕಾರಣ, ಮರದ ವಿವರ, ಜಾಗದ ನಕ್ಷೆ ಸಹಿತ ಲಿಖಿತ ಅರ್ಜಿ ಕೊಡಬೇಕು. ವೃಕ್ಷ ಅಧಿಕಾರಿ ಖುದ್ದಾಗಿ ಬಂದು ನೋಡಬೇಕು. ಪತ್ರಿಕೆಯಲ್ಲೂ ಮರದ ಮೇಲೂ ಸಾರ್ವಜನಿಕ ನೋಟಿಸ್ ಕೊಡಬೇಕು. ಅದನ್ನು ಓದಿ ಆಕ್ಷೇಪಣೆ ಸಲ್ಲಿಸಲು ಆ ಕಟ್ಟಡದ ಫ್ಲ್ಯಾಟಿನ ಮಾಲೀಕರಾಗಿರಬೇಕಿಲ್ಲ. ಬಾಡಿಗೆದಾರರು, ಎದುರಿನ ಅಂಗಡಿಯವರು, ದಿನವೂ ಆ ದಾರಿಯಲ್ಲಿ ಶಾಲೆಗೆ ಮಗುವನ್ನು ಕರೆದೊಯ್ಯುವ ತಾಯಿ, ಎಲ್ಲರೂ ಬರೆಯಬಹುದು.

ವಸತಿ ಸೊಸೈಟಿಗಳು ಎಡವುವುದು ಈ ಅನುಮತಿಯ ವಿಷಯದಲ್ಲೇ. ಈ ಕಾಯ್ದೆಯ ಭಾಷೆಯಲ್ಲಿ 'ಕಡಿಯುವುದು' ಎಂದರೆ ಬುಡಕ್ಕೆ ಗರಗಸ ಹಾಕುವುದಷ್ಟೇ ಅಲ್ಲ. ಸುಡುವುದು, ಯಾವ ರೀತಿಯಲ್ಲಾದರೂ ಹಾನಿ ಮಾಡುವುದೂ ಅದರಲ್ಲಿ ಸೇರಿದೆ. ಪಾರ್ಕಿಂಗಿಗೆ ಅಡ್ಡವೆಂದು ವಾಚ್‌ಮನ್ ಕೈಯಲ್ಲಿ ಕೊಂಬೆಗಳನ್ನು ಬೋಳಿಸುವ ಕಾರ್ಯದರ್ಶಿಗೆ ಇದು ತಿಳಿದಿರಲಿ. ಕೊಂಬೆ ಸವರುವುದಕ್ಕೂ ಮಳೆಗೆ ಮುಂಚೆಯೇ ಪಾಲಿಕೆಗೆ ಅರ್ಜಿ ಹಾಕುವುದು ಕ್ಷೇಮ. ಅನುಮತಿಯಿಲ್ಲದೆ ಕಡಿದ ಪ್ರತಿಯೊಂದು ಮರವೂ ಪ್ರತ್ಯೇಕ ಅಪರಾಧ. ಜೈಲು ಶಿಕ್ಷೆಗೂ ಅವಕಾಶವಿದೆ.

2021ರ ತಿದ್ದುಪಡಿ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಗುರುತಿಸಿತು. ಒಂದು ಮರ ಕಡಿದರೆ ಅದರ ವಯಸ್ಸಿನಷ್ಟು ಸಸಿ ನೆಡಬೇಕೆಂಬ ನಿಯಮವೂ ಆಗ ಬಂತು. ಹಾಗಾಗಿ ಅರ್ಜಿಯಲ್ಲಿ ಮರದ ವಯಸ್ಸನ್ನು ಎಷ್ಟು ಬರೆದಿದ್ದಾರೆ ಎಂಬುದನ್ನು ಕಣ್ಣಿಟ್ಟು ನೋಡಬೇಕು. ಕಾಲೊನಿಯ ಹಿರಿಯರ ನೆನಪು, ಹಳೆಯ ಫೋಟೊಗಳು ಇಲ್ಲಿ ಸಾಕ್ಷ್ಯವಾಗಿ ನೆರವಾಗುತ್ತವೆ.

ತಡವಾದರೆ ಏನಾಗುತ್ತದೆಂಬುದನ್ನು ಮುಂಬಯಿಯ ಆರೆಯಲ್ಲಿ ಮೆಟ್ರೊ ಕಾರ್ ಶೆಡ್ಡಿಗಾಗಿ ಮರ ಕಡಿದ ಪ್ರಕರಣ ತೋರಿಸಿತು. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಅದರ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿತು. ಅಂದು ರಾತ್ರಿಯೇ ಗರಗಸಗಳು ಸದ್ದು ಮಾಡಿದವು. ಕಾನೂನು ವಿದ್ಯಾರ್ಥಿಗಳ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,141 ಮರಗಳು ಉರುಳಿದ್ದವು. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಯ ಕಥೆ ಬೇರೆ. ಅಲ್ಲಿ 812 ಮರಗಳು ಪಟ್ಟಿಯಲ್ಲಿದ್ದವು. ಕೊಡಲಿ ಬೀಳುವ ಮೊದಲೇ ಜನ ಬೀದಿಗಿಳಿದರು, ಹಸಿರು ನ್ಯಾಯಾಧಿಕರಣದ ಬಾಗಿಲು ತಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಹಾಗೆಂದು ಪ್ರತಿಯೊಂದು ಮರವನ್ನೂ ಉಳಿಸಲೇಬೇಕೆಂದು ಹಟ ಹಿಡಿಯುವುದು ಸರಿಯಲ್ಲ. 2017ರ ಜುಲೈಯಲ್ಲಿ ಚೆಂಬೂರಿನಲ್ಲಿ ಬೆಳಗಿನ ವಾಕಿಂಗಿಗೆ ಹೊರಟ ಮಹಿಳೆಯ ಮೇಲೆ ತೆಂಗಿನ ಮರ ಬಿದ್ದು ಅವರು ತೀರಿಕೊಂಡರು. ಒಣಗಿದ, ವಾಲಿದ, ಪೊಳ್ಳಾದ ಮರದ ಬಗ್ಗೆ ಬಾಯಿಮಾತಿನ ದೂರು ಸಾಲದು. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿರಬೇಕು. ಬುಡದ ಸುತ್ತ ಕಾಂಕ್ರೀಟ್ ಬಿಗಿದರೆ ಬೇರಿಗೆ ನೀರೂ ಗಾಳಿಯೂ ಸಿಗದೆ ಗಟ್ಟಿ ಮರವೂ ಬೀಳುವ ಮರವಾಗುತ್ತದೆ. ಬುಡದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲೇ ದೆಹಲಿಯ ಪ್ರಕರಣದಲ್ಲಿ ಆದೇಶಿಸಿದೆ. ಠಾಣೆಯವರೂ ತಮ್ಮ ಪತ್ರದಲ್ಲಿ ಅದನ್ನು ಉಲ್ಲೇಖಿಸಬಹುದು.

ಅನುಮತಿ ಸಿಕ್ಕಿದೆಯೇ, ಬದಲಿಗೆ ಸಸಿ ಎಲ್ಲಿ ನೆಟ್ಟರು ಎಂದು ತಿಳಿಯಲು ಮಾಹಿತಿ ಹಕ್ಕು ಇದೆ. ಪಾಲಿಕೆ 30 ದಿನಗಳೊಳಗೆ ಉತ್ತರಿಸಬೇಕು. ರಾತ್ರೋರಾತ್ರಿ ಗರಗಸದ ಸದ್ದು ಕೇಳಿದರೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ, ಫೋಟೊ ತೆಗೆದು, 112ಕ್ಕೂ ವೃಕ್ಷ ಅಧಿಕಾರಿಗೂ ತಿಳಿಸಬೇಕು. ಕೆಲಸದವರೊಡನೆ ಜಗಳಕ್ಕೆ ಇಳಿಯುವುದು ಬೇಡ.

ನಾಳೆ ನಿಮ್ಮ ಗಲ್ಲಿಯ ಮರದ ಮೇಲೆ ಕಾಗದ ಕಂಡರೆ ನಿಂತು ಓದಿ. ಮರಾಠಿ ಬಾರದಿದ್ದರೆ ಪಕ್ಕದ ಮನೆಯವರಿಂದ ಓದಿಸಿ. ಕೊನೆಯ ದಿನಾಂಕ ಗುರುತು ಹಾಕಿಕೊಂಡು, ಅದಕ್ಕೆ ಮುಂಚೆ ಆಕ್ಷೇಪಣೆ ಕೊಟ್ಟು ಸ್ವೀಕೃತಿಯ ಮುದ್ರೆ ಒತ್ತಿಸಿಕೊಳ್ಳಿ.